ಅಜ್ಜ ಅತಿಥಿಯೇ?

ಬರುವ ತಿಥಿ ಗೊತ್ತಿಲ್ಲದವನು ಅತಿಥಿ. ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಗಳಿಂದ ಅಜ್ಜ-ಅಜ್ಜಿಯರು ಪುಣೆ, ಬೆಂಗಳೂರುಗಳಲ್ಲಿರುವ ಮಕ್ಕಳ ಮನೆಗೆ ಬಂದಾಗ ನಾವು ಅವರನ್ನು ಅತಿಥಿಗಳಂತೆಯೇ ಉಪಚರಿಸುತ್ತೇವೆ. ಮಡಿಯ ಅಡಿಗೆ, ಮೆತ್ತನೆಯ ಹಾಸಿಗೆ ಎಲ್ಲವೂ ಉಂಟು. ಮೊಮ್ಮಕ್ಕಳು ಮಾತ್ರ ತಮ್ಮ ಪಾಠಗಳಲ್ಲಿ ಮಗ್ನರು. ಇಷ್ಟರಿಂದ ಹಿರಿಯರ ಸೇವೆ ಪೂರ್ಣವಾಯಿತೇ?

ಅತಿಥಿಗೆ ಕೊಡುವುದು ಧರ್ಮ. ಹಿರಿಯರಿಂದ ಪಡೆಯುವುದೂ ಧರ್ಮ. ಏಕಾದಶಿ ಎಂದು, ಪಾರಣೆ ಯಾವಾಗ ಎಂಬುದನ್ನು ಪಂಚಾಂಗವು ಹೇಳೀತು. ಉಪವಾಸವಿದ್ದೂ ಮುಖ ಬಾಡದಿರುವುದನ್ನು ಮಕ್ಕಳು ಅಜ್ಜಿಯನ್ನು ನೋಡಿಯೇ ಕಲಿಯಬೇಕು.

ರಜೆಯಲ್ಲಿ ಮಕ್ಕಳೇ ಅಜ್ಜನ ಊರಿಗೆ ಹೋಗಬಹುದಲ್ಲವೇ ಎಂದರೆ, ಎಲ್ಲರಿಗೂ ಆ ಊರು ಉಳಿದಿಲ್ಲ. ಕೃಷ್ಣೆಗೆ ಅಡ್ಡಲಾಗಿ ಕಟ್ಟಿ 2005ರಲ್ಲಿ ಪೂರ್ಣಗೊಂಡ ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಬೀಳಗಿ ತಾಲೂಕಿನ ಹಲವು ಹಳ್ಳಿಗಳು ಮುಳುಗಿವೆ. ಆ ಮನೆತನಗಳ ಮಕ್ಕಳಿಗೆ ಊರೆಂದರೆ ಅಜ್ಜನ ನೆನಪೇ.

ಮುಪ್ಪಿನಲ್ಲಿ ಮೊಮ್ಮಕ್ಕಳ ಮೋಹವು ಸಾಧನೆಗೆ ಅಡ್ಡಿಯಲ್ಲವೇ ಎಂದು ಹಿರಿಯರೇ ಹಿಂಜರಿಯುವುದುಂಟು. ಶ್ರೀಮದ್ಭಾಗವತದ ಎಂಟನೆಯ ಸ್ಕಂಧವು ಈ ಸಂಶಯವನ್ನು ಕಳೆಯುತ್ತದೆ. ಬಲಿಯು ಬಂಧನದಲ್ಲಿದ್ದಾಗ ಅವನ ಅಜ್ಜನಾದ ಪ್ರಹ್ಲಾದರಾಜರು ಅಲ್ಲಿಗೆ ಬಂದರು. ಕೊನೆಗೆ ಶ್ರೀವಾಮನದೇವರು, ಮೊಮ್ಮಗನೊಡನೆ ಸಂತೋಷದಿಂದ ಸುತಲದಲ್ಲಿರುವಂತೆ ಆ ಭಕ್ತಶ್ರೇಷ್ಠರಿಗೇ ಅಪ್ಪಣೆ ಕೊಟ್ಟರು. ಅಲ್ಲಿ ಶ್ರೀಹರಿಯ ದರ್ಶನವೂ ನಿತ್ಯ. ಹರಿಯನ್ನು ಮರೆಯದ ವಾತ್ಸಲ್ಯವು ಮೋಹವಲ್ಲ, ಅದೂ ಸಾಧನೆಯೇ.

ಆದುದರಿಂದ ಹಿರಿಯರು ಬಂದ ದಿನಗಳಲ್ಲಿ ನಿತ್ಯವೂ ಒಂದು ಹೊತ್ತಾದರೂ ಮಕ್ಕಳನ್ನು ಅವರ ಬಳಿ ಬಿಡಬೇಕು. ಅಜ್ಜನೊಡನೆ ಗಂಧ ತೇಯಲಿ, ಅಜ್ಜಿಯೊಡನೆ ತುಳಸಿಮಾಲೆ ಕಟ್ಟಲಿ, ಮುಳುಗಿದ ಊರಿನ ಕಥೆ ಕೇಳಲಿ. ಒಂದು ದಿನದ ಪಾಠ ಹಿಂದೆ ಬಿದ್ದರೆ ನಾಳೆ ಓದಬಹುದು. ಅಜ್ಜನ ನಾಳೆಗಳು ಎಣಿಕೆಯವು. ಶ್ರೀಹರಿವಾಯುಗುರುಗಳು ನಮಗೆ ಈ ಬುದ್ಧಿಯನ್ನು ಪ್ರೇರಿಸಲಿ.

ಶ್ರೀಕೃಷ್ಣಾರ್ಪಣಮಸ್ತು.