ಹೆಸರು ಹಚ್ಚಿದ ಮೇಲಿನ ಹೊಣೆ



ಜೂನ್ ತಿಂಗಳು ಬಂತೆಂದರೆ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳಿಂದ ಹಿರಿಯರು ಮಕ್ಕಳ ಗುಣಪತ್ರಿಕೆ ಹಿಡಿದು ಶ್ರೀಮಠದ ಕಚೇರಿಗೆ ಬರುತ್ತಾರೆ. ಪ್ರಸಾದ ನಿಲಯದಲ್ಲಿ ಜಾಗ ಕೊಟ್ಟು ರಜಿಸ್ಟರಿನಲ್ಲಿ ಹೆಸರು ಬರೆದುಕೊಳ್ಳುತ್ತೇವೆ. ಆ ರಜಿಸ್ಟರಿನ ಕೊನೆಯ ಕಲಮಿಗೆ 'ಬಿಟ್ಟ ದಿನಾಂಕ ಮತ್ತು ಕಾರಣ' ಎಂದು ತಲೆಬರಹವಿದೆ. ಹಳೆಯ ಪುಟಗಳನ್ನು ತಿರುವಿದರೆ ಅಲ್ಲಿ ನನ್ನದೇ ಕೈಬರಹದಲ್ಲಿ ಮತ್ತೆ ಮತ್ತೆ ಕಾಣುವ ಶಬ್ದ ಒಂದೇ: 'ಸ್ವಇಚ್ಛೆಯಿಂದ'. ನಾನು ಬರೆದ ಈ ಶಬ್ದ ಸತ್ಯವೇ ಎಂಬ ಪ್ರಶ್ನೆ ಇತ್ತೀಚೆಗೆ ನನ್ನನ್ನು ಕಾಡುತ್ತಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಓದಿ, ಒಳ್ಳೆಯ ಅಂಕ ಪಡೆದು, ಸೊಲ್ಲಾಪುರದಲ್ಲಿ ಕಾಮರ್ಸಿಗೆ ಹೆಸರು ಹಚ್ಚಿದ್ದ ಹುಡುಗನೊಬ್ಬ ದೀಪಾವಳಿ ರಜೆಗೆ ಊರಿಗೆ ಹೋದವನು ಮರಳಿ ಬರಲಿಲ್ಲ. ರೂಢಿಯಂತೆ 'ಸ್ವಇಚ್ಛೆಯಿಂದ' ಎಂದು ಬರೆದೆ. ಮೂರು ವರ್ಷಗಳ ನಂತರ ಸೊಲ್ಲಾಪುರದ ಮಾರುಕಟ್ಟೆಯ ಒಂದು ಅಡತಿ ಅಂಗಡಿಯಲ್ಲಿ ಉಳ್ಳಾಗಡ್ಡಿ ಚೀಲಗಳ ನಡುವೆ ಅವನನ್ನು ಕಂಡೆ. ಕಾಲು ಮುಟ್ಟಿ ನಮಸ್ಕರಿಸಿದ. ಕಾಲೇಜು ಯಾಕೆ ಬಿಟ್ಟೆಯೆಂದು ಕೇಳಿದ್ದಕ್ಕೆ ನಗುತ್ತಲೇ ಹೇಳಿದ: "ಮೊದಲನೇ ತಾಸಿನಾಗ ಸರ್ ಮರಾಠಿಯೊಳಗ 'ನಾವೆ, ಜಮಾ' ಅಂದ್ರರಿ. ನಾವೆ ಅಂದ್ರ ದೋಣಿ ಅಂತ ನಾ ಓದಿದ್ದೆ. ಕೇಳಿದ್ರ ಎಲ್ಲಾರೂ ನಗತಾರಂತ ಸುಮ್ಮನ ಕುಂತೆ. ಆಮ್ಯಾಲ ಕೇಳೂದ ಬಿಟ್ಟೆ."

ಮರಾಠಿಯ 'ನಾವೆ' ಎಂದರೆ ಡೆಬಿಟ್. ಬಿ.ಕಾಂ. ಓದಿದ ನಾನು ಅರ್ಧ ತಾಸಿನಲ್ಲಿ ತಿಳಿಸಿಕೊಡಬಹುದಾಗಿದ್ದ ಸಂಗತಿ. ನಾಲ್ಕೈದು ತಿಂಗಳು ಅವನು ನಮ್ಮ ಪಂಕ್ತಿಯಲ್ಲಿಯೇ ಪ್ರಸಾದ ಮಾಡಿದ್ದ. ಅಭ್ಯಾಸ ಹೇಗೆ ನಡೆದಿದೆಯಪ್ಪಾ ಎಂದು ನಾನೊಮ್ಮೆಯೂ ಕೇಳಿರಲಿಲ್ಲ. ಈಗ ಆ ಅಂಗಡಿಯ ಖಾತೆಕಿರ್ದಿ ಬರೆಯುವವನು ಅವನೇ. ಸಾಹುಕಾರರು ಒಂದು ವಾರದಲ್ಲಿ ಕಲಿಸಿದರಂತೆ.

ಇಲ್ಲಿ ಒಂದು ವಾದವಿದೆ. ಊಟ ಕೊಟ್ಟಿದ್ದೇವೆ, ಇರಲು ಕೋಣೆ ಕೊಟ್ಟಿದ್ದೇವೆ, ತಂದೆ ಸಾಲ ಮಾಡಿ ಫೀ ತುಂಬಿದ್ದಾನೆ. ಇನ್ನು ಓದುವುದು ಹುಡುಗನ ಕಾಯಕ, ಅದನ್ನೂ ನಾವೇ ಮಾಡಬೇಕೇ ಎಂಬುದು. ಈ ವಾದವನ್ನು ನಾನು ಸುಳ್ಳೆನ್ನಲಾರೆ. ಮೊಬೈಲಿನಲ್ಲಿ ರಾತ್ರಿ ಕಳೆದು ಬೆಳಗಿನ ತಾಸು ತಪ್ಪಿಸುವವರೂ ನಮ್ಮಲ್ಲಿ ಇದ್ದಾರೆ. ಆದರೆ ಬಿಟ್ಟುಹೋದವರೆಲ್ಲರನ್ನೂ ಇದೇ ಸಾಲಿಗೆ ಸೇರಿಸಿದರೆ ನಮ್ಮ ಲೆಕ್ಕ ತಪ್ಪುತ್ತದೆ.

ಅಮೆರಿಕದ ವಿನ್ಸೆಂಟ್ ಟಿಂಟೊ ಎಂಬ ವಿದ್ವಾಂಸರು 1975ರಲ್ಲಿಯೇ ಈ ವಿಷಯವಾಗಿ ಬರೆದರು. 1987ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ವಿದ್ಯಾರ್ಥಿ ಕಾಲೇಜು ಬಿಡುವುದು ಕೇವಲ ಬುದ್ಧಿಯ ಕೊರತೆಯಿಂದಲ್ಲ. ಅಭ್ಯಾಸದೊಡನೆ, ಗುರುಗಳೊಡನೆ, ಜೊತೆಯವರೊಡನೆ ಅವನಿಗೆ ನಂಟು ಕೂಡಿತೋ ಇಲ್ಲವೋ ಎಂಬುದು ಮುಖ್ಯ ಎಂಬುದು ಅವರ ವಿಚಾರ. ಮೊದಲ ವರ್ಷದಲ್ಲಿಯೇ ಈ ನಂಟಿನ ಪರೀಕ್ಷೆ ಹೆಚ್ಚು. ಕಾಲೇಜಿಗೆ ಹೊಂದಿಕೊಳ್ಳಲು ವಿದ್ಯಾರ್ಥಿಯು ಊರಿನ ನಂಟನ್ನು ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ ಎಂಬ ಧಾಟಿ ಅವರ ಹಿಂದಿನ ಬರಹಗಳಲ್ಲಿತ್ತು. ಅದಕ್ಕೆ ಬೇರೆ ವಿದ್ವಾಂಸರ ಆಕ್ಷೇಪ ಬಂತು. ಮನೆ ಮತ್ತು ಊರಿನ ಆಸರೆಯೇ ಅನೇಕರನ್ನು ಕಾಲೇಜಿನಲ್ಲಿ ಉಳಿಸುತ್ತದೆಂಬುದನ್ನು ಅವರೂ ಮುಂದೆ ಒಪ್ಪಿಕೊಂಡರು. ಶನಿವಾರ ಬಂತೆಂದರೆ ಎಸ್‌ಟಿ ಹಿಡಿದು ಊರಿಗೆ ಓಡುವ ಹುಡುಗರನ್ನು ನಾನು ಎಷ್ಟೋ ಸಲ ಬೈದಿದ್ದೇನೆ. ಇನ್ನು ಮುಂದೆ ಸ್ವಲ್ಪ ಯೋಚಿಸಿ ಬೈಯಬೇಕು.

ಪರದೇಶದವರ ಮಾತೇಕೆ, ನಮ್ಮ ನೆರೆಯ ಸಾತಾರೆಯಲ್ಲಿಯೇ ಉದಾಹರಣೆಯಿದೆ. 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಕರ್ಮವೀರ ಭಾವೂರಾವ ಪಾಟೀಲರು ಬಡ ರೈತರ ಮಕ್ಕಳಿಗೆ ವಸತಿಗೃಹ ತೆರೆದು, ದುಡಿದು ಕಲಿಯುವ ಪದ್ಧತಿಯನ್ನು ಬೆಳೆಸಿದರು. ಎಲ್ಲ ಜಾತಿಯ ಮಕ್ಕಳೂ ಕೂಡಿಯೇ ದುಡಿದು ಕೂಡಿಯೇ ಉಣ್ಣುತ್ತಿದ್ದರು. ಅಲ್ಲಿನ ಹುಡುಗನಿಗೆ ಇದು ನನ್ನದೂ ಮನೆ ಎನ್ನಿಸಿರಬೇಕು. ನಾವು ತಾಟು ಹಾಕಿ ಬಡಿಸಿ ಕಳಿಸುತ್ತೇವೆ. ಹುಡುಗ ಅತಿಥಿಯಾಗಿಯೇ ಉಳಿಯುತ್ತಾನೆ. ದಾಸೋಹವೆಂದರೆ ಇಷ್ಟೇ ಅಲ್ಲವೆಂದು ಸದ್ಭಕ್ತರಿಗೆ ನಾನು ಹೇಳಬೇಕಾಗಿಲ್ಲ.

ಬಿಡುವುದೆಲ್ಲವೂ ಸೋಲಲ್ಲ ಎಂಬುದನ್ನೂ ಒಪ್ಪಬೇಕು. ತಂದೆ ತೀರಿಕೊಂಡಾಗ ಹೊಲ ನೋಡಲು ಹಿಂತಿರುಗಿದ ಹಿರಿಯ ಮಗನನ್ನು ಯಾರು ತಪ್ಪೆಂದಾರು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪದವಿಯ ಒಂದು ವರ್ಷ ಮುಗಿಸಿ ಬಿಟ್ಟವನಿಗೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಎಂದಿದೆ. ಮುಂದೆ ಮರಳಿ ಸೇರುವ ದಾರಿಯನ್ನೂ ಇಟ್ಟಿದ್ದಾರೆ. ಇಂಥವರಿಗೆ ಇದು ಒಳ್ಳೆಯದೇ. ಆದರೆ ಮೂಲೆಯ ಬೆಂಚಿನಲ್ಲಿ ಮೂಕನಾಗಿ ಕುಳಿತವನು ಎದ್ದುಹೋದಾಗ, ಸರ್ಟಿಫಿಕೇಟ್ ಸಿಕ್ಕಿತಲ್ಲ ಎಂದು ನಾವು ಸಮಾಧಾನ ಹೇಳಿಕೊಳ್ಳಲು ಅದು ನೆಪವಾಗಬಾರದು.

ಹೆಣ್ಣುಮಕ್ಕಳ ವಿಷಯ ಬರೆಯಲು ಸಂಕೋಚವಾಗುತ್ತದೆ. ಅವರ ಮುಂದೆ 'ಸ್ವಇಚ್ಛೆಯಿಂದ' ಎಂದು ಬರೆಯುವುದೂ ಇಲ್ಲ, 'ಲಗ್ನ ನಿಶ್ಚಯವಾಗಿದೆ' ಎಂದು ಬರೆದರೆ ಮುಗಿಯಿತು. ಯಾರೂ ಕಾರಣ ಕೇಳುವುದಿಲ್ಲ. ವೃತ್ತಿ ಶಿಕ್ಷಣದಲ್ಲಿ ಎಂಟು ಲಕ್ಷದೊಳಗಿನ ವರಮಾನದ ಮನೆಯ ಹೆಣ್ಣುಮಕ್ಕಳ ಫೀಯನ್ನು ಮಹಾರಾಷ್ಟ್ರ ಸರಕಾರ 2024ರಲ್ಲಿ ಮಾಫಿ ಮಾಡಿತು. ಫೀ ಸರಕಾರ ಬಿಟ್ಟೀತು. ಲಗ್ನವನ್ನು ಎರಡು ವರ್ಷ ಮುಂದೂಡುವುದು ತಂದೆಯ ಕೈಯಲ್ಲಿದೆ.

ಈ ವರ್ಷ ರಜಿಸ್ಟರಿನಲ್ಲಿ ಒಂದು ಕಲಮು ಹೆಚ್ಚಿಗೆ ಹಾಕಿದ್ದೇನೆ. ಹೊಸದಾಗಿ ಬಂದ ಪ್ರತಿಯೊಬ್ಬನನ್ನೂ ಗಣೇಶ ಚೌತಿಯೊಳಗೆ ಒಮ್ಮೆ ಕೂಡಿಸಿಕೊಂಡು, ಯಾವ ವಿಷಯ ತಿಳಿಯುತ್ತಿಲ್ಲ, ಜೊತೆಗೆ ಯಾರು ಇದ್ದಾರೆ ಎಂದು ಕೇಳಿ ಬರೆಯಬೇಕು. ರವಿವಾರ ಒಂದು ತಾಸು ಕೊಡಬಲ್ಲ ವ್ಯಾಪಾರಿ ಭಕ್ತರು, ನಿವೃತ್ತ ಶಿಕ್ಷಕರು ಕಚೇರಿಗೆ ತಿಳಿಸಬೇಕಾಗಿ ಅರಿಕೆ. ಆ ಅಡತಿ ಅಂಗಡಿಯ ಹುಡುಗನಿಗೂ ಹೇಳಿಕಳಿಸಿದೆ, ಬಂದು ಹೊಸಬರಿಗೆ ನಾವೆ-ಜಮಾ ಕಲಿಸಪ್ಪಾ ಎಂದು. ಬರುತ್ತೇನೆ ಎಂದಿದ್ದಾನೆ, ಆದರೆ ಉಳ್ಳಾಗಡ್ಡಿ ಹಂಗಾಮು ಮುಗಿದ ಮೇಲೆ.