ಹಾಲಿನ ಋಣ, ಹಾಲಿನ ಬೆಲೆ

ಹೆತ್ತವರ ಋಣವು ತೀರದ ಋಣವೆಂಬುದು ಹಿಂದಿನಿಂದ ನಡೆದುಬಂದ ಮಾತು. ಒಂಬತ್ತು ತಿಂಗಳು ಹೊತ್ತು, ಹೆತ್ತು, ಎದೆಯ ಹಾಲನ್ನೂಡಿ, ತನ್ನ ನಿದ್ರೆಯನ್ನು ಬಿಟ್ಟು ಮಗುವಿನ ನಿದ್ರೆಯನ್ನು ಕಾದ ತಾಯಿಗೆ ಮಕ್ಕಳು ಎಷ್ಟು ಕೊಟ್ಟರೂ ಕಡಮೆಯೇ. ಇದರಲ್ಲಿ ಯಾರಿಗೂ ಸಂದೇಹವಿಲ್ಲ. ಸಂದೇಹವು ಹುಟ್ಟುವುದು ಇದರ ಮುಂದಿನ ಹೆಜ್ಜೆಯಲ್ಲಿ. ತಾಯಿಯೇ ಅನ್ಯಾಯವಾದುದೊಂದನ್ನು ಕೇಳಿದರೆ ಮಗಳು ಏನು ಮಾಡತಕ್ಕದ್ದು? ಒಲ್ಲೆನೆಂದು ಸುಮ್ಮನಿರಬಹುದೇ, ಅಥವಾ ಆ ಅನ್ಯಾಯವನ್ನು ನಾಲ್ಕು ಜನರೆದುರಿಗೆ ಹೇಳಬಹುದೇ? ಹಾಗೆ ಹೇಳುವುದು ಧರ್ಮವೋ, ಮನೆಯ ಮಾನವನ್ನು ಬೀದಿಗೆಳೆದ ಅಧರ್ಮವೋ? ಪುಸ್ತಕದಲ್ಲಿ ಈ ಪ್ರಶ್ನೆಯನ್ನು ಸಾವಧಾನವಾಗಿ ಚರ್ಚಿಸಬಹುದು. ಆದರೆ ಹದಿಹರೆಯದ ಒಬ್ಬ ಆಫ್ಘನ್ ಬಾಲೆಯು ಇದಕ್ಕೆ ಉತ್ತರವನ್ನು ತನ್ನ ಬಾಳಿನಲ್ಲಿಯೇ ಕೊಡಬೇಕಾಗಿ ಬಂತು. ಅದೂ ಕೆಲವೇ ತಿಂಗಳೊಳಗೆ.

ಸೋನಿತಾ ಅಲೀಜಾದೆ 1996ರಲ್ಲಿ ಆಫ್ಘಾನಿಸ್ತಾನದ ಹೆರಾತ್ ನಗರದಲ್ಲಿ ಜನಿಸಿದಳು. ಅದು ತಾಲಿಬಾನರ ಮೊದಲನೆಯ ಆಳ್ವಿಕೆಯ ಕಾಲ. ಆಕೆ ಇನ್ನೂ ಮಗುವಾಗಿರುವಾಗಲೇ ಮನೆಯವರು ನೆಲೆ ತಪ್ಪಿ ನೆರೆಯ ಇರಾನಿಗೆ ವಲಸೆ ಹೋದರು. ದಾಖಲೆಪತ್ರಗಳಿಲ್ಲದ ನಿರಾಶ್ರಿತರ ಮಕ್ಕಳಿಗೆ ಅಲ್ಲಿ ಶಾಲೆಯ ಬಾಗಿಲು ಸುಲಭವಾಗಿ ತೆರೆಯುತ್ತಿರಲಿಲ್ಲ. ಟೆಹರಾನಿನಲ್ಲಿ ಹೂವು ಮಾರಿ, ಶೌಚಗೃಹಗಳನ್ನು ತೊಳೆದು ಹೊಟ್ಟೆ ಹೊರೆಯುತ್ತಿದ್ದ ಈ ಬಾಲೆ, ಆಫ್ಘನ್ ಮಕ್ಕಳಿಗಾಗಿ ನಡೆಯುತ್ತಿದ್ದ ಒಂದು ಸೇವಾಸಂಸ್ಥೆಯಲ್ಲಿ ಓದುಬರಹಗಳನ್ನು ಕಲಿತಳು. ಹತ್ತನೆಯ ವಯಸ್ಸಿಗೇ ಆಕೆಯ ಮದುವೆಯ ಮಾತು ಎದ್ದು ಮುರಿದುಬಿದ್ದಿತ್ತು. ಹದಿನಾರರ ಸುಮಾರಿಗೆ ಅದು ಮತ್ತೆ ಎದ್ದಿತು. ಸೋದರನಿಗೆ ಹೆಣ್ಣು ತರಬೇಕು. ಹೆಣ್ಣಿನ ಮನೆಯವರಿಗೆ ಕೊಡಬೇಕಾದ ಹಣ ಕೈಯಲ್ಲಿಲ್ಲ. ಸೋನಿತಾಳನ್ನು ಒಬ್ಬನಿಗೆ ಕೊಟ್ಟರೆ 9,000 ಡಾಲರು ಬರುತ್ತದೆ. ಆಫ್ಘಾನಿಸ್ತಾನಕ್ಕೆ ಹಿಂದಿರುಗಿದ್ದ ತಾಯಿ ಈ ಲೆಕ್ಕವನ್ನು ಹೊತ್ತುಕೊಂಡು ಮಗಳನ್ನು ಕರೆದೊಯ್ಯಲು ಬಂದಳು.

ಮಗಳಿಗೆ ಬೇರೊಂದು ಲೆಕ್ಕವಿತ್ತು. ತರಗತಿಯ ಗೆಳತಿಯರು ಒಬ್ಬೊಬ್ಬರಾಗಿ ಮದುವೆಯ ಹೆಸರಿನಲ್ಲಿ ಕಣ್ಮರೆಯಾಗುವುದನ್ನು ಆಕೆ ನೋಡಿದ್ದಳು. ಅಮೆರಿಕದ ಎಮಿನೆಮ್, ಇರಾನಿನ ಯಾಸ್ ಎಂಬ ಗಾಯಕರ ಹಾಡುಗಳನ್ನು ಕೇಳಿ ರ‍್ಯಾಪ್ ಎಂಬ ಹಾಡುಗಾರಿಕೆಗೆ ಮನಸೋತಿದ್ದಳು. ಪ್ರಾಸದಿಂದ ಕಟ್ಟಿದ ಮಾತುಗಳನ್ನು ತಾಳಕ್ಕೆ ಸರಿಯಾಗಿ, ವೇಗವಾಗಿ ನುಡಿಯುವ ಈ ರೀತಿಯು 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಬಡವರ ಕೇರಿಗಳಲ್ಲಿ ಹುಟ್ಟಿತು. ಅದಕ್ಕೆ ವೀಣೆ ಬೇಡ, ಗುರುಕುಲ ಬೇಡ. ಹೇಳಬೇಕಾದ ಮಾತೊಂದಿದ್ದು, ಅದನ್ನು ಹೇಳುವ ಧೈರ್ಯವಿದ್ದರೆ ಸಾಕು. ಆದರೆ ಇರಾನಿನಲ್ಲಿ ಹೆಣ್ಣು ಒಬ್ಬಳೇ ಸಾರ್ವಜನಿಕವಾಗಿ ಹಾಡುವುದಕ್ಕೆ ಅನುಮತಿಯಿಲ್ಲ. ಧ್ವನಿಮುದ್ರಣ ಮಾಡುವವರು ಆಕೆಯನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತಿದ್ದರು. ಈ ಅಡ್ಡಿಗಳ ನಡುವೆಯೇ 2014ರಲ್ಲಿ, ಹೆಣ್ಣುಮಕ್ಕಳ ಮಾರಾಟವನ್ನು ಕುರಿತ ಆಕೆಯ ಹಾಡು ಚಿತ್ರರೂಪದಲ್ಲಿ ಹೊರಬಿದ್ದಿತು. ಅದರಲ್ಲಿ ಆಕೆ ಮದುವೆಯ ಬಿಳಿಯ ಉಡುಪನ್ನು ತೊಟ್ಟಿದ್ದಾಳೆ. ಮುಖದ ಮೇಲೆ ಪೆಟ್ಟಿನ ಕಲೆಗಳಂತೆ ಬಣ್ಣವಿದೆ. ಹಣೆಯ ಮೇಲೆ, ಅಂಗಡಿಯ ಸರಕಿಗೆ ಅಂಟಿಸುವ ಬಾರ್‌ಕೋಡಿನ ಗೆರೆಗಳಿವೆ. ಹಾಡು ಆರಂಭವಾಗುವುದು ಪಿಸುಮಾತಿನಲ್ಲಿ.

ಈ ವ್ಯವಹಾರಕ್ಕೆ ಪಾರಸೀ ಭಾಷೆಯಲ್ಲಿ ಒಂದು ಹೆಸರುಂಟು: ಶೀರ್‌ಬಹಾ. ಶೀರ್ ಎಂದರೆ ಹಾಲು, ಬಹಾ ಎಂದರೆ ಬೆಲೆ. ಹಾಲೂಡಿ ಬೆಳೆಸಿದ ಮಗಳನ್ನು ಬಿಟ್ಟುಕೊಡುವುದಕ್ಕಾಗಿ ಹೆತ್ತವರಿಗೆ ಸಲ್ಲುವ ಹಣವೆಂಬುದು ಅದರ ಭಾವ. ಇಸ್ಲಾಮೀ ಧರ್ಮಶಾಸ್ತ್ರವು ಹೇಳುವ ಮಹರ್ ಇದಲ್ಲವೆಂಬುದನ್ನು ಮರೆಯಬಾರದು. ಮಹರ್ ಎಂಬುದು ವಧುವಿಗೇ ಸೇರಿದ ಸ್ವತ್ತು, ಅದರಲ್ಲಿ ತಂದೆಗಾಗಲಿ ಸೋದರನಿಗಾಗಲಿ ಹಕ್ಕಿಲ್ಲ. ಆದುದರಿಂದ ಇಲ್ಲಿ ದೋಷವು ಧರ್ಮಕ್ಕಿಂತ ಹೆಚ್ಚಾಗಿ ರೂಢಿಯದು. ರೂಢಿಯ ಬಲವಾದರೋ ಅದರ ಚಕ್ರಗತಿಯಲ್ಲಿದೆ. ಒಬ್ಬಳನ್ನು ಕೊಟ್ಟು ಬಂದ ಹಣ ಮತ್ತೊಬ್ಬಳನ್ನು ತರುವುದಕ್ಕೆ ಹೋಗುತ್ತದೆ. ಆ ಮನೆಯವರು ಅದನ್ನೇ ತಮ್ಮ ಮಗನ ಮದುವೆಗೆ ತೆರುತ್ತಾರೆ. ಯಾರ ಕೈಯಲ್ಲಿಯೂ ಹಣ ನಿಲ್ಲುವುದಿಲ್ಲ, ಯಾರೂ ಸಿರಿವಂತರಾಗುವುದಿಲ್ಲ, ಎಲ್ಲರ ಮನೆಯ ಹೆಣ್ಣುಮಕ್ಕಳೂ ಕಣ್ಣೀರಿಡುತ್ತಾರೆ. ಸೋನಿತಾಳ ತಾಯಿಯೂ ಬಾಲವಧುವಾಗಿಯೇ ಗಂಡನ ಮನೆಗೆ ಹೋದವಳು. ಆಕೆಯನ್ನು ಕ್ರೂರಳೆಂದು ಕರೆಯುವುದು ಸುಲಭ. ಆದರೆ ತಾನು ನಡೆದ ದಾರಿಯಲ್ಲದೆ ಬೇರೆ ದಾರಿಯನ್ನು ಕಾಣದವಳು ಮಗಳನ್ನೂ ಅದೇ ದಾರಿಗೆ ಕರೆದಳೆಂಬುದು ಸತ್ಯಕ್ಕೆ ಹತ್ತಿರವಾದ ಮಾತು.

ಇಷ್ಟನ್ನು ಒಪ್ಪಿದವರು ಕೂಡ ಒಂದು ಆಕ್ಷೇಪವನ್ನು ಎತ್ತಬಹುದು. ತಾಯಿ ಅಸಹಾಯಕಳಾದರೆ ಆಕೆಯ ಮೇಲೆ ಕರುಣೆಯಿರಬೇಕಲ್ಲವೆ? ಮಗಳು ಒಲ್ಲೆನೆಂದು ಬೇಡಿಕೊಳ್ಳಲಿ, ಅಳಲಿ, ಓಡಿಹೋಗಲಿ. ಆದರೆ ಜಗತ್ತೆಲ್ಲ ನೋಡುವಂತೆ ಹಾಡು ಕಟ್ಟಿ, ಬಡತನದ ಮನೆಗೆ ಉಳಿದಿದ್ದ ಒಂದೇ ಆಸ್ತಿಯಾದ ಮಾನವನ್ನೂ ಕಳೆಯಬೇಕೆ? ಈ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಮನೆಯೊಳಗಿನ ಮಾತು ಮನೆಯೊಳಗೇ ಇರಬೇಕೆಂಬ ನಿಯಮವು ಅನೇಕ ಸಂಸಾರಗಳನ್ನು ಒಡೆಯದಂತೆ ಕಾಪಾಡಿದೆ. ಕೋಪದ ಗಳಿಗೆಯಲ್ಲಿ ಆಡಿದ ಮಾತು, ಕಷ್ಟದಲ್ಲಿ ಮಾಡಿದ ತಪ್ಪು, ಇವುಗಳನ್ನು ನೆರೆಹೊರೆಯವರಿಗೆ ಸಾರಿಕೊಂಡು ಬರುವ ಮಕ್ಕಳನ್ನು ಯಾರೂ ಮೆಚ್ಚುವುದಿಲ್ಲ.

ಆದರೆ ಈ ನಿಯಮಕ್ಕೆ ಒಂದು ಮೇರೆಯುಂಟು. ಮನೆಯ ಮಾತು ಎಂದರೆ ಮನೆಯವರ ನಡುವೆ ಮುಗಿಯುವ ಮಾತು. ಮಗಳಿಗೆ ಬೆಲೆ ಕಟ್ಟಿ, ಹೊರಗಿನವನನ್ನು ಕರೆದು, ಹಣವನ್ನು ಎಣಿಸಿಕೊಂಡ ಮೇಲೆ ಅದು ಮನೆಯ ಮಾತಾಗಿ ಉಳಿಯಲಿಲ್ಲ. ಅದು ಪೇಟೆಯ ಮಾತಾಯಿತು. ಹಾಗೆ ನೋಡಿದರೆ ಬೀದಿಗೆ ಮೊದಲು ಇಳಿದುದು ಹಾಡಲ್ಲ, ವ್ಯಾಪಾರ. ಮಾರುವಾಗ ಹೋಗದ ಮಾನವು, ಮಾರಿದರೆಂದು ಹೇಳಿದಾಗ ಹೋಗುವುದು ಹೇಗೆ? ಗಟ್ಟಿಯಾಗಿ ಹೇಳಿದರೆ ನಾಚಿಕೆಯಾಗುವ ಕಾರ್ಯವೊಂದಿದ್ದರೆ, ನಾಚಿಕೆಯ ಮೂಲ ಕಾರ್ಯದಲ್ಲಿದೆ, ಹೇಳಿದ ನಾಲಗೆಯಲ್ಲಿಲ್ಲ. ಸೋನಿತಾಳ ಹಾಡು ಪಿಸುಮಾತಿನಿಂದ ಆರಂಭವಾಗಿ ಗಟ್ಟಿಧ್ವನಿಗೆ ಏರುವುದರ ಅರ್ಥವೂ ಇದೇ ಇರಬಹುದು.

ಇನ್ನೊಂದು ಮಾತನ್ನೂ ಗಮನಿಸಬೇಕು. ನೊಂದವನು ತನ್ನನ್ನು ನೋಯಿಸಿದವನ ಹೆಸರು ಹಿಡಿದು ಕೂಗುವುದಕ್ಕೂ, ತನ್ನಂತೆ ನೊಂದವರ ಪರವಾಗಿ ಕೂಗುವುದಕ್ಕೂ ಬಹಳ ಅಂತರವುಂಟು. ಮೊದಲನೆಯದು ಜಗಳ, ಎರಡನೆಯದು ಸಾಕ್ಷ್ಯ. ಆಕೆಯ ಹಾಡಿನಲ್ಲಿ ದೂರು ಇರುವುದು ರೂಢಿಯ ಮೇಲೆ. ಹಣೆಯ ಮೇಲಿನ ಆ ಗೆರೆಗಳು ಒಬ್ಬ ಸೋನಿತಾಳ ಬೆಲೆಯನ್ನಲ್ಲ, ಕಾಣೆಯಾದ ಗೆಳತಿಯರೆಲ್ಲರ ಬೆಲೆಯನ್ನು ತೋರಿಸುತ್ತವೆ. ಆಫ್ಘಾನಿಸ್ತಾನದ ಜನರು ಮತದಾನ ಮಾಡಬೇಕೆಂದು ಪ್ರೇರಿಸುವ ಗೀತೆಗಾಗಿ ಅಮೆರಿಕದಲ್ಲಿ ಏರ್ಪಟ್ಟಿದ್ದ ಒಂದು ಸ್ಪರ್ಧೆಯಲ್ಲಿ ಆಕೆಗೆ 1,000 ಡಾಲರು ಬಹುಮಾನ ಬಂದಾಗ, ಆ ಹಣವನ್ನು ತಾಯಿಗೇ ಕಳುಹಿಸಿದಳು. ಈ ಒಂದು ಸಣ್ಣ ಸಂಗತಿಯಲ್ಲಿ ಇಡೀ ಪ್ರಶ್ನೆಯ ಉತ್ತರ ಅಡಗಿದೆ. ಋಣ ಬೇರೆ, ಬೆಲೆ ಬೇರೆ. ಋಣವನ್ನು ಮಗಳು ತಾನೇ ದುಡಿದು, ತಾನೇ ಒಪ್ಪಿ, ತನ್ನ ಕೈಯಾರೆ ಸಲ್ಲಿಸುತ್ತಾಳೆ. ಬೆಲೆಯನ್ನು ಬೇರೊಬ್ಬನು ಕೊಟ್ಟು ಅವಳನ್ನೇ ಕೊಂಡೊಯ್ಯುತ್ತಾನೆ. ಋಣ ತೀರಿಸಿದ ಮಗಳು ಮಗಳಾಗಿಯೇ ಉಳಿಯುತ್ತಾಳೆ. ಬೆಲೆಗೆ ಹೋದವಳು ಸರಕಾಗುತ್ತಾಳೆ. ಸೋನಿತಾ ನಿರಾಕರಿಸಿದುದು ಹಾಲಿನ ಬೆಲೆಯನ್ನೇ ಹೊರತು ಹಾಲಿನ ಋಣವನ್ನಲ್ಲ.

ಈ ಭೇದವನ್ನು ಒಪ್ಪಿಕೊಂಡರೂ ಇಕ್ಕಟ್ಟು ಮುಗಿಯುವುದಿಲ್ಲ. ಇರಾನಿನ ಚಿತ್ರನಿರ್ದೇಶಕಿ ರುಖ್ಸಾರೆ ಗಾಯೆಮ್‌ಮಗಾಮಿ ಆಗ ಈ ಬಾಲೆಯ ಜೀವನವನ್ನು ಕುರಿತು ಸಾಕ್ಷ್ಯಚಿತ್ರವನ್ನು ತೆಗೆಯುತ್ತಿದ್ದಳು. ನಡೆಯುವುದನ್ನು ಕೈಹಾಕದೆ ನೋಡಿ ದಾಖಲಿಸುವುದು ಅಂಥ ಚಿತ್ರದ ನೀತಿಯೆಂದು ಹಲವರ ಮತ. ಆದರೆ ಕಣ್ಣೆದುರಿಗೇ ಮಾರಾಟವು ಕುದುರುತ್ತಿರುವಾಗ ಆಕೆ ಸುಮ್ಮನಿರಲಾರದೆ ತಾಯಿಗೆ 2,000 ಡಾಲರು ಕೊಟ್ಟು ಆರು ತಿಂಗಳ ಅವಧಿಯನ್ನು ಪಡೆದಳು. ಹಣ ಕೊಟ್ಟದ್ದರಿಂದ ಮಾರಾಟವನ್ನು ಒಪ್ಪಿದಂತಾಗಲಿಲ್ಲವೆ ಎಂದು ಕೇಳಬಹುದು. ಒಂದರ್ಥದಲ್ಲಿ ಆಯಿತೆಂದೇ ಹೇಳಬೇಕು. ಆದರೆ ಹೊಳೆಯಲ್ಲಿ ಮುಳುಗುತ್ತಿರುವವಳಿಗೆ ಹಗ್ಗ ಎಸೆಯುವಾಗ, ಹಗ್ಗವನ್ನು ನೇಯ್ದವನು ಯಾರೆಂದು ವಿಚಾರಿಸುವುದು ದಡದ ಮೇಲಿರುವವರ ಸುಖ. ಆ ಕಾರ್ಯ ನಿರ್ಮಲವಾಗಿರಲಿಲ್ಲ. ಆದರೂ ಅದನ್ನು ಮಾಡದಿರುವುದು ಇನ್ನೂ ಮಲಿನವಾಗುತ್ತಿತ್ತು. ಧರ್ಮಸಂಕಟವೆಂಬ ಹೆಸರು ಇಂಥ ಸ್ಥಿತಿಗೇ ತಾನೆ ಸಲ್ಲತಕ್ಕದ್ದು.

ಆ ಆರು ತಿಂಗಳಲ್ಲಿ ದಾರಿ ತೆರೆಯಿತು. ಹಾಡು ದೇಶದೇಶಗಳಿಗೆ ಹರಡಿತು. ಅಮೆರಿಕದ ಒಂದು ಸಂಸ್ಥೆಯ ನೆರವಿನಿಂದ ಯೂಟಾ ಪ್ರಾಂತದ ಒಂದು ಶಾಲೆಯಲ್ಲಿ ವಿದ್ಯಾರ್ಥಿವೇತನ ದೊರೆಯಿತು. ಪಾಸ್‌ಪೋರ್ಟಿಗಾಗಿ ಆಕೆ ಆಫ್ಘಾನಿಸ್ತಾನಕ್ಕೇ ಹೋಗಿ, ತಾಯಿಗೆ ತಿಳಿಸದೆ, 2015ರಲ್ಲಿ ಅಮೆರಿಕಕ್ಕೆ ತೆರಳಿದಳು. 'ಸೋನಿತಾ' ಎಂಬ ಆ ಸಾಕ್ಷ್ಯಚಿತ್ರವು 2016ರ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ತೀರ್ಪುಗಾರರ ಪ್ರಶಸ್ತಿಯನ್ನೂ ಪ್ರೇಕ್ಷಕರ ಪ್ರಶಸ್ತಿಯನ್ನೂ ಗಳಿಸಿತು. ಮುಂದೆ ಆಕೆ ಬಾರ್ಡ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದಳು. ಬಾಲ್ಯವಿವಾಹದ ವಿರುದ್ಧ ಹಲವು ವೇದಿಕೆಗಳಲ್ಲಿ ಮಾತನಾಡಿದಳು. 2021ರಲ್ಲಿ ಫ್ರಾನ್ಸಿನ ನಾರ್ಮಂಡಿ ಪ್ರಾಂತವು ನೀಡುವ ಸ್ವಾತಂತ್ರ್ಯ ಪುರಸ್ಕಾರಕ್ಕೆ ಪಾತ್ರಳಾದಳು. ಎಲ್ಲಕ್ಕಿಂತ ಹೆಚ್ಚಾಗಿ, ತಾಯಿಯ ಮನಸ್ಸು ತಿರುಗಿತು. ಯಾವ ಮಗಳನ್ನು ಮಾರಲು ಬಂದಿದ್ದಳೋ ಆ ಮಗಳ ಹಾಡನ್ನೇ ಮೆಚ್ಚಿಕೊಂಡಳು. ಬೀದಿಗೆ ಬಂದ ಮಾತಿನಿಂದ ಮನೆ ಒಡೆಯಲಿಲ್ಲ.

ಆದರೂ ಕೀರ್ತಿಯ ಕಥೆಗಳಲ್ಲಿ ಒಂದು ಅಪಾಯವುಂಟು. ಒಬ್ಬಳು ಪಾರಾದುದನ್ನು ಕೇಳಿ ಸಂತೋಷಪಟ್ಟ ಮನಸ್ಸು, ಪಾರಾಗದವರನ್ನು ಮರೆಯುತ್ತದೆ. ಹದಿನೆಂಟು ತುಂಬುವ ಮೊದಲೇ ಮದುವೆಯಾಗುವ ಹುಡುಗಿಯರು ಜಗತ್ತಿನಲ್ಲಿ ಪ್ರತಿ ವರ್ಷವೂ ಸುಮಾರು 1 ಕೋಟಿ 20 ಲಕ್ಷವೆಂದು ಯುನಿಸೆಫ್ ಸಂಸ್ಥೆಯ ಅಂದಾಜು. ಅವರಲ್ಲಿ ಹಾಡು ಬಲ್ಲವರೆಷ್ಟು ಮಂದಿ? ಕಂಠವಿದ್ದವಳಿಗೆ ಮಾತ್ರ ಬಿಡುಗಡೆಯೆಂದಾದರೆ, ಬಿಡುಗಡೆಯೂ ಪ್ರತಿಭೆಗೆ ಕೊಡುವ ಒಂದು ಬೆಲೆಯಾಗಿಬಿಡುತ್ತದೆ. ಹುಡುಗಿಗೆ ತನ್ನ ಬಾಳು ತನ್ನದಾಗಿರಬೇಕಾದುದು ಆಕೆ ಚೆನ್ನಾಗಿ ಹಾಡುತ್ತಾಳೆಂಬ ಕಾರಣಕ್ಕಲ್ಲ, ಆಕೆ ಮನುಷ್ಯಳೆಂಬ ಕಾರಣಕ್ಕೆ. ಸೋನಿತಾ ಖ್ಯಾತಳಾದ ಮೇಲೆಯೂ ಅದೇ ವಿಷಯವನ್ನು ಬಿಡದೆ ಹಾಡಿ, ಹೇಳಿ ನಡೆದುದರ ಬೆಲೆ ಇಲ್ಲಿ ತಿಳಿಯುತ್ತದೆ. ಹಗ್ಗ ಹಿಡಿದು ಮೇಲೆ ಬಂದವಳು ಹಗ್ಗವನ್ನು ಮತ್ತೆ ನೀರಿಗೆ ಇಳಿಸಬೇಕು. ತಾಯಿಯ ಹಾಲಿನ ಋಣವಿರುವಂತೆ, ಗೆಳತಿಯರ ಕಣ್ಣೀರಿನ ಋಣವೂ ಒಂದುಂಟು.

ಕನ್ನಡನಾಡಿನ ವಾಚಕರಿಗೆ ಈ ಕಥೆ ತೀರ ದೂರದ್ದೆನಿಸಬೇಕಾಗಿಲ್ಲ. ಹೆಣ್ಣಿನ ಕಡೆಯವರಿಗೆ ಸಲ್ಲುವ ಹಣಕ್ಕೆ 'ತೆರ' ಎಂಬ ಹೆಸರು ಕನ್ನಡದಲ್ಲಿಯೇ ಇದೆ. ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು ಮೈಸೂರು ಸಂಸ್ಥಾನವು 1894ರಲ್ಲಿ ಕಾನೂನಿನಿಂದ ತಡೆಯಬೇಕಾಯಿತು. ಎಂಟು ಎಂಬ ಆ ಅಂಕಿಯನ್ನು ಇಂದು ಓದಿದರೆ ಮೈ ನಡುಗುತ್ತದೆ; ಆದರೆ ಅಂದು ಅಷ್ಟನ್ನು ಹೇಳುವುದಕ್ಕೂ ಧೈರ್ಯ ಬೇಕಾಗಿತ್ತು. ರೂಢಿಯು ತಾನಾಗಿ ಸಾಯುವುದಿಲ್ಲ. ಯಾರಾದರೂ ಅದನ್ನು ಅದರ ನಿಜವಾದ ಹೆಸರಿನಿಂದ ಕರೆದಾಗಲೇ ಅದರ ಆಯುಷ್ಯ ಕುಗ್ಗತೊಡಗುತ್ತದೆ.

2021ರ ಆಗಸ್ಟಿನಲ್ಲಿ ತಾಲಿಬಾನರು ಮತ್ತೆ ಕಾಬೂಲನ್ನು ಹಿಡಿದರು. ಹುಡುಗಿಯರಿಗೆ ಪ್ರೌಢಶಾಲೆಯ ಬಾಗಿಲು ಮುಚ್ಚಿತು. 2024ರ ಆಗಸ್ಟಿನಲ್ಲಿ ಅವರು ಹೊರಡಿಸಿದ ಕಾನೂನು, ಹೆಣ್ಣಿನ ಧ್ವನಿಯನ್ನೇ ಮರೆಮಾಡತಕ್ಕ ವಸ್ತುಗಳಲ್ಲಿ ಸೇರಿಸಿತು. ಆಕೆ ಗಟ್ಟಿಯಾಗಿ ಹಾಡುವುದು ಹೊರಗಿನವರ ಕಿವಿಗೆ ಬೀಳಬಾರದು. ಮಾರುವವನಿಗೂ ಆಳುವವನಿಗೂ ಹೆಣ್ಣುಮಗಳ ಧ್ವನಿಯೇ ಭಯವನ್ನು ಹುಟ್ಟಿಸುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಹೆರಾತಿನ ಯಾವುದೋ ಮನೆಯಲ್ಲಿ ಇಂದು ಒಬ್ಬ ತಾಯಿ ಮಗಳ ಬೆಲೆಯನ್ನು ಲೆಕ್ಕಹಾಕುತ್ತಿರಬಹುದು. ಪಕ್ಕದ ಕೋಣೆಯಲ್ಲಿ ಒಬ್ಬ ಬಾಲೆ ತನ್ನ ಮಾತನ್ನು ಪಿಸುದನಿಯಲ್ಲಿ ಪ್ರಾಸಕ್ಕೆ ಕೂಡಿಸುತ್ತಿರಬಹುದು. ಆ ಪಿಸುಮಾತನ್ನು ಕೇಳಿಸಿಕೊಳ್ಳುವ ಕಿವಿ ಜಗತ್ತಿನಲ್ಲಿ ಉಳಿದಿರುವವರೆಗೆ, ಹಾಲಿನ ಬೆಲೆಯನ್ನು ತಳ್ಳಿ ಹಾಲಿನ ಋಣವನ್ನು ಸಲ್ಲಿಸುವ ದಾರಿ ಆಕೆಗೂ ಸಂಪೂರ್ಣವಾಗಿ ಮುಚ್ಚಿಹೋಗಲಾರದು.