ಕಾಣದವರ ಮೇಲಣ ಪ್ರೀತಿ

ಮುಖವನ್ನು ಕಾಣದೆ, ಫೋನಿನ ಮಾತುಗಳಿಂದಲೂ ಸಂದೇಶಗಳಿಂದಲೂ ಒಬ್ಬರ ಮೇಲೆ ಹುಟ್ಟುವ ಪ್ರೀತಿಯು ನಿಜವಾದದ್ದೋ ಎಂದು ನಮ್ಮ ಯೌವನಸ್ಥರು ಕೇಳುವದುಂಟು. ಅದನ್ನು ಹುಚ್ಚುತನವೆಂದು ತಳ್ಳಿಬಿಡುವದು ಹಿರಿಯರಿಗೆ ಸುಲಭ. ಆದರೆ ವಿಚಾರಿಸದೆ ತೀರ್ಪು ಕೊಡುವದು ನ್ಯಾಯವಲ್ಲ.

ಈ ಸಂಗತಿಯು ಹೊಸದೇನೂ ಅಲ್ಲ. 1845ನೆಯ ಇಸವಿಯ ಜನವರಿಯಲ್ಲಿ ಆಂಗ್ಲ ಕವಿಯಾದ ರಾಬರ್ಟ್ ಬ್ರೌನಿಂಗನು, ತಾನು ಎಂದೂ ಕಾಣದ ಎಲಿಜಬೆತ್ ಬ್ಯಾರೆಟ್ ಎಂಬ ಕವಯಿತ್ರಿಗೆ ಪತ್ರ ಬರೆದು, ಆಕೆಯ ಪದ್ಯಗಳನ್ನೂ ಆಕೆಯನ್ನೂ ಪ್ರೀತಿಸುವೆನೆಂದು ತಿಳಿಸಿದನು. ಆಕೆಯು ಆತನಿಗಿಂತ ಆರು ವರುಷ ದೊಡ್ಡವಳು. ಬಹುಕಾಲದ ರೋಗದಿಂದ ಲಂಡನಿನ ತಂದೆಯ ಮನೆಯಲ್ಲಿ ಕೋಣೆ ಹಿಡಿದಿದ್ದವಳು. ಪತ್ರಗಳಿಗೆ ಉತ್ತರ ಬರೆದರೂ ಭೇಟಿಯನ್ನು ಆಕೆ ಮುಂದಕ್ಕೆ ಹಾಕುತ್ತಾ ಬಂದಳು. ಮೇ 20ರಂದು ಅವರು ಮೊದಲ ಸಾರಿ ಸಂಧಿಸಿದರು. ಒಡನೆ ಆತನು ಆತುರದಿಂದ ಬರೆದ ಪ್ರೇಮಪತ್ರವನ್ನು ಆಕೆ ಹಿಂದಕ್ಕೆ ಕಳುಹಿಸಿದಳು. ಆತನು ಅದನ್ನು ನಾಶಮಾಡಿದನು. ಆ ಮೇಲೆ ಪತ್ರವೂ ಭೇಟಿಯೂ ಜೊತೆಜೊತೆಯಾಗಿ ನಡೆದು, 1846ರ ಸೆಪ್ಟೆಂಬರಿನಲ್ಲಿ ಅವರಿಗೆ ವಿವಾಹವಾಯಿತು.

ಆ ಭೇಟಿಗಳು ಯಾಕೆ ಬೇಕಾದವು? ಬರೆಯುವವನು ತನ್ನಲ್ಲಿರುವ ಒಳ್ಳೆಯದನ್ನೇ ಆರಿಸಿ ಬರೆಯುತ್ತಾನೆ. ಓದುವವನು ಬರೆಯದೆ ಉಳಿದದ್ದನ್ನು ತನ್ನ ಆಶೆಯಿಂದ ತುಂಬಿಕೊಳ್ಳುತ್ತಾನೆ. ಗಣಕಯಂತ್ರದ ಮೂಲಕ ನಡೆಯುವ ಸಂಭಾಷಣೆಗಳ ವಿಷಯದಲ್ಲಿ ಅಮೇರಿಕದ ವಿದ್ವಾಂಸರಾದ ಜೋಸೆಫ್ ವಾಲ್ಥರ್ ಎಂಬವರು 1996ರಲ್ಲಿ ಇದನ್ನೇ ವಿವರಿಸಿದರು. ಆದಕಾರಣ ನಾವು ಪ್ರೀತಿಸುವದರಲ್ಲಿ ಅರ್ಧಭಾಗವು ನಮ್ಮ ಕಲ್ಪನೆಯೇ ಆಗಿರಬಹುದು. ಸಿಟ್ಟು ಬಂದಾಗ ಅವನು ಹೇಗಿರುವನು, ಮುದಿತಾಯಿಯ ಸಂಗಡ ಹೇಗೆ ಮಾತಾಡುವನು, ಸಾಲವನ್ನು ತೀರಿಸುವನೋ ಇಲ್ಲವೋ ಎಂಬದು ಸಂದೇಶದಲ್ಲಿ ಕಾಣುವದಿಲ್ಲ. ವರ್ತಕನ ಮಾತನ್ನು ನಂಬಿ, ಬೀಜವನ್ನು ಅಂಗೈಯಲ್ಲಿಟ್ಟು ನೋಡದೆ ಬಿತ್ತುವ ಒಕ್ಕಲಿಗನುಂಟೇ?

ಆದರೂ ಹಿರಿಯರೇ, ಹೆಣ್ಣು ನೋಡಲು ಹೋಗಿ ಅರ್ಧ ಗಳಿಗೆ ಮುಖ ಕಂಡು ಒಪ್ಪಿ ಬಂದವರು ಹೃದಯವನ್ನು ಕಂಡರೋ? ತಿಂಗಳುಗಟ್ಟಲೆ ಮನಬಿಚ್ಚಿ ಮಾತಾಡಿದವರು ಒಬ್ಬರನ್ನೊಬ್ಬರು ಏನೂ ಅರಿಯರೆಂದು ಹೇಳಲಾಗದು. ಅಂಥ ಪ್ರೀತಿಯು ಸುಳ್ಳಲ್ಲ; ಇನ್ನೂ ಪರೀಕ್ಷೆಗೆ ಬಾರದ್ದು, ಅಷ್ಟೇ.

ಹೀಗಿರುವದರಿಂದ ಯೌವನಸ್ಥರೇ, ಕೇಳುವವರಿಗೆ ರುಚಿಸದ ನಿಮ್ಮ ನಿಜಸ್ಥಿತಿಯನ್ನೂ ಮರೆಮಾಡದೆ ಹೇಳಿರಿ. ಹಗಲು ಹೊತ್ತಿನಲ್ಲಿ, ಮನೆಯವರಿಗೆ ತಿಳಿದಿರುವಂತೆ, ಒಂದು ಸಾರಿಯಲ್ಲ ಹಲವು ಸಾರಿ ಸಂಧಿಸುವ ತನಕ ಮಾತು ಕೊಡಬೇಡಿರಿ. ಆಕೆಯು ಏನನ್ನೂ ಮುಚ್ಚಿಡದೆ ಇದ್ದು, ಕಂಡಾಗ ನಿನ್ನ ಮನಸ್ಸಿನ ಚಿತ್ರಕ್ಕೆ ಹೊಂದದಿದ್ದರೆ, ಮೋಸಹೋದೆನೆಂದು ಊರಲ್ಲಿ ಹೇಳಿ ಆಕೆಯ ಮಾನ ಕಳೆಯಬೇಡ. ಆ ಚಿತ್ರವನ್ನು ಬರೆದವನು ನೀನೇ.